ಮಾಸು ಕೆಳಗಿದೆ

ಫೆಬ್ರವರಿ ೬

ಅಕ್ಕನಿಗೆ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳ ಶುರು ಮಾಡುತ್ತೇವೆ. ಅದೂ ಬೀದಿ ಕೊನೆಯ ಅಂಗಡಿಯ ಫೋನಿನಲ್ಲಿ, ಅಂಗಡಿಯವನು ತಕ್ಕಡಿ ಬಿಟ್ಟು ಕಿವಿ ನಿಮಿರಿಸಿಕೊಂಡು ನಿಂತಿರುವಾಗ. ಆದ್ದರಿಂದ ಕಾಗದವೇ ವಾಸಿ. ತಲುಪಲು ನಾಲ್ಕು ದಿನ ಬೇಕು, ಅಷ್ಟರಲ್ಲಿ ಇಬ್ಬರ ಸಿಟ್ಟೂ ಇಳಿದಿರುತ್ತದೆ.

ನನಗೆ ಐದು ತಿಂಗಳು ತುಂಬಿತು. ಮಗು ಒದೆಯುತ್ತದೆ. ನಿನ್ನ ಹಾಗೇ ಅಂತ ಕಾಣುತ್ತದೆ, ಹುಟ್ಟುವ ಮೊದಲೇ ಜಗಳಕ್ಕೆ ನಿಂತಿದೆ.

ನಿನ್ನೆ ಸ್ಕ್ಯಾನ್ ಮಾಡಿಸಿದೆ. ಅಲ್ಲಿ ನಡೆದದ್ದನ್ನು ಬರೆಯದಿದ್ದರೆ ನನ್ನ ಮೈ ಉರಿ ಆರುವುದಿಲ್ಲ. ಸ್ಕ್ಯಾನ್ ಮಾಡುವವಳು ಬಹಳ ಹೊತ್ತು ಯಂತ್ರ ನೋಡಿದಳು. ಆಮೇಲೆ ಮಗು ಚೆನ್ನಾಗಿದೆ ಅಂದಳು. ನಾನು ಮೇಜಿನಿಂದ ಇಳಿದು ಬಟ್ಟೆ ಸರಿಮಾಡಿಕೊಳ್ಳುತ್ತಿದ್ದೆ. ಆಗ ತಲೆಯೂ ಎತ್ತದೆ, ನನ್ನ ಬಟ್ಟೆ ಕೆಳಗೆ ಮಾಸಿದೆ ಅಂದಳು ಕಣೇ! ನನಗೆ! ಹತ್ತು ವರ್ಷದಿಂದ ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ನಿಂತಿರುವವಳಿಗೆ! ಕಾಲರಿನ ಮಾಸು, ತೋಳಿನ ಮಾಸು, ಅಂಚಿನ ಮಾಸು ಅಂತ ದಿನಕ್ಕೆ ಇನ್ನೂರು ಬಟ್ಟೆ ವಿಂಗಡಿಸುವವಳಿಗೆ ಅವಳು ಮಾಸು ತೋರಿಸಿಕೊಡುತ್ತಾಳೆ. ಹಿಂದೆ ಮುಂದೆ ತಿರುಗಿ ಅಂಚು ನೋಡಿಕೊಂಡೆ. ಒಂದು ಚುಕ್ಕೆಯೂ ಇರಲಿಲ್ಲ.

ಅಷ್ಟಕ್ಕೆ ಬಿಟ್ಟಳೇ? "ಎಂಟನೇ ತಿಂಗಳಲ್ಲಿ ಬನ್ನಿ, ಇನ್ನೊಂದ್ಸಲ ನೋಡ್ಬೇಕು" ಅಂದಳು. ಏನು ನೋಡುತ್ತಾಳಂತೆ, ಒಗೆದದ್ದು ಉಟ್ಟುಕೊಂಡು ಬಂದಿದ್ದೇನೋ ಇಲ್ಲವೋ ಅಂತಲೇ? "ನಿಮ್ಮ ಕಿಟಕಿ ಪರದೆ ಮಾಸಿದೆ, ಮೊದ್ಲು ಅದನ್ನ ಒಗೆಸಿ" ಅಂತ ಹೇಳಿ ಬಂದೆ. ಅವಳು ಕೊಟ್ಟ ಚೀಟಿಯನ್ನು ಬಿಚ್ಚಿಯೂ ನೋಡದೆ ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ. ಅತ್ತೆ ಕೇಳಿ ಬಿದ್ದು ಬಿದ್ದು ನಕ್ಕರು. ನಮ್ಮನೆಯವರು ಮಾತ್ರ, "ಡಾಕ್ಟ್ರನ್ನ ಕೇಳ್ಬೇಕಿತ್ತು" ಅಂತ ಗೊಣಗಿದರು. ಲಿಫ್ಟ್ ರಿಪೇರಿ ಮಾಡುವವರು ಅಲ್ಲವೇ, ಎಲ್ಲ ಗುಂಡಿಯನ್ನೂ ಎರಡೆರಡು ಸಲ ಒತ್ತಿ ನೋಡುವ ಅಭ್ಯಾಸ.

ಇಂತಿ ನಿನ್ನ ತಂಗಿ,
ಗಿಡ್ಡಿ

*

ಫೆಬ್ರವರಿ ೧೩

ಗಿಡ್ಡಿಗೆ,

ಕಾಗದವನ್ನು ಕೆಲಸದ ಜಾಗದಲ್ಲೇ ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದವಳು ಏನಾಯಿತು ಅಂತ ಕೇಳಿದಳು. ಪರದೆಯ ಕಥೆ ಹೇಳಿದೆ, ಅವಳೂ ನಕ್ಕಳು. ನಿನ್ನ ಬಾಯಿಗೆ ಒಂದು ಬೀಗ ಹಾಕಿಸಬೇಕು. ಬೀಗದ ಕೈ ಮಾತ್ರ ನನ್ನ ಹತ್ತಿರ ಇರಲಿ, ಆಗಾಗ ತೆಗೆಯಬೇಕಲ್ಲ.

ಕಬ್ಬಿಣದ ಮಾತ್ರೆ ನುಂಗುತ್ತಿದ್ದೀಯಾ? "ವಾಂತಿ ಬರುತ್ತೆ" ಅಂತ ರಾಗ ಎಳೆಯಬೇಡ. ದಿನವಿಡೀ ನಿಂತು ಕೆಲಸ ಮಾಡಬೇಡ, ಒಂದು ಸ್ಟೂಲ್ ಕೇಳು. ಕೊಡದಿದ್ದರೆ ಬಟ್ಟೆಯ ಗಂಟಿನ ಮೇಲೆ ಕೂರು.

ನನ್ನ ವಿಷಯ ಬರೆಯುವಂಥದ್ದೇನಿಲ್ಲ. ಹೆರಿಗೆ ವಾರ್ಡು ಎಂದಿನಂತೆ ಇದೆ. ಕೆಲಸ ಜಾಸ್ತಿ, ಬಿಳಿ ಬಟ್ಟೆ ನೋಡಿ ನೋಡಿ ಕಣ್ಣು ಸೋತಿದೆ. ನಿನ್ನ ಹೆರಿಗೆ ಹೊತ್ತಿಗೆ ಬಂದೇ ಬರುತ್ತೇನೆ. ಇಷ್ಟು ವರ್ಷ ದುಡಿದವಳಿಗೆ ರಜೆ ಕೊಡದೆ ಎಲ್ಲಿ ಹೋಗುತ್ತಾರೆ?

ಅಕ್ಕ

*

ಏಪ್ರಿಲ್ ೧೯

ಅಕ್ಕನಿಗೆ,

ಎರಡು ತಿಂಗಳು ಬರೆಯಲಿಲ್ಲ ಅಂತ ಬೈಯಬೇಡ. ದೊಡ್ಡ ಹೋಟೆಲೊಂದರ ಬಟ್ಟೆಯೆಲ್ಲ ನಮ್ಮ ಲಾಂಡ್ರಿಗೆ ಬರಲು ಶುರುವಾಗಿದೆ. ಮೇಜಿನ ಬಟ್ಟೆ ಬಿಚ್ಚಿದರೆ ತಿಂದವರ ಜಾತಕವೇ ಕಾಣುತ್ತದೆ. ಎಣ್ಣೆ, ಕಾಫಿ, ತುಟಿ ಬಣ್ಣ, ಒಂದೊಂದು ಸಲ ಕಣ್ಣೀರಿನ ಕಾಡಿಗೆ. ಎಣ್ಣೆಗೆ ಸೀಮೆಸುಣ್ಣದ ಪುಡಿ, ಕಾಫಿಗೆ ಬಿಸಿನೀರು. ಈ ವಾರ ರಕ್ತದ ಕಲೆ ಎರಡು ನೋಡಿದೆ. ಸೋಮವಾರ ಒಂದು, ಗುರುವಾರ ಒಂದು, ಎರಡನೆಯದು ಅಂಗೈಯಷ್ಟು. ಒಳ್ಳೇ ಕೆಂಪು, ಹಸಿಯದು. ಹಳೆಯ ಕಂದು ರಕ್ತ ಪ್ರಾಣ ತಿನ್ನುತ್ತದೆ, ಇದು ತಣ್ಣೀರಿನಲ್ಲಿ ಎರಡು ಸಲ ಜಾಲಿಸಿದರೆ ಗುರುತೂ ಉಳಿಯಲಿಲ್ಲ. ಸುಲಭದ ಕಲೆ. ಆಮೇಲೆ ಹೋಟೆಲಿನವರು ಕಳಿಸಿದ ಒಂದು ಪರದೆಗೆ ಶಾಯಿ ಚೆಲ್ಲಿತ್ತು, ಅದು ಮಾತ್ರ ನನ್ನನ್ನು ಸೋಲಿಸಿತು.

ನಾನು ಚೆನ್ನಾಗಿದ್ದೇನೆ. ಎಲ್ಲೂ ನೋವಿಲ್ಲ. ಸೊಂಟವೂ ಸುಮ್ಮನಿದೆ. ಅತ್ತೆ, "ನೋವಿಲ್ಲ ಅಂದ್ಮೇಲೆ ಏನೂ ಇಲ್ಲ, ನಾನು ಐದು ಹೆತ್ತಿದೀನಿ" ಅನ್ನುತ್ತಾರೆ. ಮಾತೆತ್ತಿದರೆ ಐದು ಹೆತ್ತಿದೀನಿ. ಐದು ಹೆತ್ತವರ ಮುಂದೆ ಒಂದೂ ಹೆರದವಳು ಏನು ಮಾತಾಡುವುದು ಹೇಳು.

ಗಿಡ್ಡಿ

*

ಏಪ್ರಿಲ್ ೨೫

ಗಿಡ್ಡಿಗೆ,

ರಕ್ತಕ್ಕೆ ತಣ್ಣೀರು ಅಂತ ನನಗೇ ಪಾಠ ಹೇಳುತ್ತೀಯಲ್ಲ! ಇಪ್ಪತ್ತು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ನಾನೇನು ಗುಲಾಬಿ ನೀರಿನಲ್ಲಿ ಕೈ ತೊಳೆಯುತ್ತಿದ್ದೆನೇ? ಅದಿರಲಿ, ಹೋಟೆಲಿನ ಮೇಜಿನ ಬಟ್ಟೆಗೆ ಅಂಗೈಯಷ್ಟು ರಕ್ತ ಎಲ್ಲಿಂದ ಬಂತು? ಅಡುಗೆಯವನು ಬೆರಳು ಕೊಯ್ದುಕೊಂಡನೋ ಏನೋ. ಅಲ್ಲಿ ಊಟಕ್ಕೆ ಹೋಗಬೇಡ.

ಎಂಟನೇ ತಿಂಗಳು ಬಿದ್ದಿತು. ಇನ್ನು ಕೆಲಸ ಬಿಡು. ನಿನ್ನ ಅತ್ತೆ ಐದು ಹೆತ್ತವರಾದರೆ ನಾನು ಐದು ಸಾವಿರ ಹೆರಿಸಿದವಳು ಅಂತ ಹೇಳು. ನಯವಾಗಿ ಹೇಳು.

ಅಕ್ಕ

*

ಏಪ್ರಿಲ್ ೨೭, ತುರ್ತು ಅಂಚೆ

ಗಿಡ್ಡಿ,

ಮೊನ್ನೆಯ ಕಾಗದ ಹರಿದು ಹಾಕು. ಇದನ್ನು ನಿಂತ ನಿಲುವಿನಲ್ಲೇ ಓದು. ಓದಿದ ಮೇಲೆ ಆಸ್ಪತ್ರೆಗೆ ಹೊರಡು.

ಆ ಎರಡು ಕಲೆ ನಿನ್ನವು. ಅಲ್ಲವೇ?

ಇವತ್ತು ಬೆಳಿಗ್ಗೆ ಒಗೆಯಲು ಹೋಗುವ ಹೊದಿಕೆ ಎಣಿಸುತ್ತಿದ್ದೆ. ಆಯಾ ಒಬ್ಬಳು ಗಂಟು ತಂದಿಟ್ಟು, "ಮಾಸಿದ್ದೆಲ್ಲ ಕೆಳಗಿದೆ ಅಕ್ಕಾ, ಚೆನ್ನಾಗಿರೋದು ಮೇಲಿದೆ" ಅಂದಳು. ನನ್ನ ಕೈ ಅಲ್ಲೇ ನಿಂತಿತು. ಓಡಿಹೋಗಿ ನಿನ್ನ ಫೆಬ್ರವರಿಯ ಕಾಗದ ತೆಗೆದೆ. ಸ್ಕ್ಯಾನ್ ಮಾಡುವವಳಿಗೆ ನಿನ್ನ ಬಟ್ಟೆಯ ಅಂಚಿನಿಂದ ಏನಾಗಬೇಕು? ಅವಳು ಹೇಳಿದ್ದು "ಮಾಸು ಕೆಳಗಿದೆ" ಅಂತ. ನಮ್ಮ ಮನೆಯ ಹೆಂಗಸರು ಕಸ ಅನ್ನುತ್ತಿದ್ದರಲ್ಲ, ಮಗು ಹುಟ್ಟಿದ ಮೇಲೆ ಬೀಳುವುದು, ಅದನ್ನೇ ಆಸ್ಪತ್ರೆಯಲ್ಲಿ ಮಾಸು ಅನ್ನುತ್ತಾರೆ. ಮಗುವಿನ ಊಟ, ಉಸಿರು ಎಲ್ಲ ಅದರ ಮೂಲಕವೇ. ಅದು ಗರ್ಭಕೋಶದಲ್ಲಿ ಮೇಲೆ ಅಂಟಿಕೊಂಡಿರಬೇಕು. ನಿನ್ನದು ಕೆಳಗೆ, ಮಗು ಹೊರಬರುವ ಬಾಯಿಯ ಹತ್ತಿರ ಕೂತಿದೆ. ಐದನೇ ತಿಂಗಳಲ್ಲಿ ಹಾಗಿದ್ದರೂ ಹೆಚ್ಚಿನವರಿಗೆ ಹೊಟ್ಟೆ ಬೆಳೆದಂತೆ ಮೇಲೆ ಸರಿಯುತ್ತದೆ. ಕೆಲವರಿಗೆ ಸರಿಯುವುದಿಲ್ಲ. ಅದಕ್ಕೇ ಇನ್ನೊಂದು ಸಲ ಬಾ ಅಂದದ್ದು, ಒಗೆದ ಬಟ್ಟೆ ನೋಡುವುದಕ್ಕಲ್ಲ ಪುಣ್ಯಾತ್ಗಿತ್ತಿ!

ನೋವಿಲ್ಲದೆ ಕೆಂಪಗೆ ರಕ್ತ ಹೋದರೆ ಮೊದಲು ಅನುಮಾನಪಡಬೇಕಾದದ್ದು ಇದನ್ನೇ. ಮೊದಲ ಸಲ ಸ್ವಲ್ಪ ಹೋಗಿ ತಾನೇ ನಿಲ್ಲುತ್ತದೆ, ನಿಂತಿತು ಅಂತ ನಂಬಿಸುತ್ತದೆ. ಆಮೇಲೆ ಒಂದು ದಿನ ಕೊಡ ಮಗುಚಿದ ಹಾಗೆ ಹೋಗುತ್ತದೆ. ನಿನ್ನ ಮೇಜಿನ ಮೇಲೆ ಸುಲಭದ ಕಲೆ ಯಾವುದೋ ನನ್ನ ವಾರ್ಡಿನಲ್ಲಿ ಅದೇ ಕಷ್ಟದ್ದು.

ಇದೊಂದೇ ಅಂತಲ್ಲ. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ, ಬಿಡದೆ ನೋವು ಬಂದು, ಕಪ್ಪಗಿನ ರಕ್ತ ಕಂಡರೆ ಮಾಸು ಹೊತ್ತಿಗೆ ಮುಂಚೆ ಗೋಡೆ ಬಿಟ್ಟು ಕಿತ್ತು ಬರುತ್ತಿದೆ ಅಂತ. ರಕ್ತದೊತ್ತಡ ಏರಿದವರಿಗೆ, ಬಿದ್ದು ಹೊಟ್ಟೆಗೆ ಪೆಟ್ಟಾದವರಿಗೆ ಅದರ ಭಯ ಹೆಚ್ಚು. ಅದರಲ್ಲಿ ರಕ್ತ ಒಳಗೇ ನಿಲ್ಲುವುದೂ ಉಂಟು. ಹೊರಗೆ ಎರಡು ಹನಿ, ಒಳಗೆ ಮಡು. ಬಟ್ಟೆ ನೋಡಿ ಅಳೆಯುವ ನಿನ್ನಂಥವಳು ಮೋಸಹೋಗುವುದು ಅಲ್ಲೇ. ನೀರು ಒಡೆದ ಕ್ಷಣವೇ ರಕ್ತವೂ ಬಂದರೆ ಅದು ಮಗುವಿನ ರಕ್ತವೇ ಇರಬಹುದು, ಆಗ ನಿಮಿಷ ಎಣಿಸಬೇಕು. ಹಿಂದೆ ಹೊಟ್ಟೆ ಕೊಯ್ದು ಹೆರಿಗೆಯಾದವರಿಗೆ ಹಳೆಯ ಹೊಲಿಗೆಯೇ ಬಿಟ್ಟುಕೊಳ್ಳಬಹುದು. ದಿನ ತುಂಬಿದ ಮೇಲೆ ಲೋಳೆಯ ಜೊತೆ ತೆಳ್ಳಗೆ ಎಳೆಯಷ್ಟು ಕೆಂಪು ಕಂಡರೆ ಮಾತ್ರ ಅದು ಹೆರಿಗೆ ಹತ್ತಿರ ಬಂತು ಅನ್ನುವ ಸೂಚನೆ. ಗರ್ಭಕೋಶದ ಬಾಯಿಯಲ್ಲಿ ಹುಣ್ಣು, ಸೋಂಕು ಇದ್ದರೂ, ಗಂಡನ ಜೊತೆ ಕೂಡಿದ ಮೇಲೂ ಸ್ವಲ್ಪ ಕಾಣಬಹುದು. ಆದರೆ ಯಾವುದು ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನಿಸುವ ಅಧಿಕಾರ ನಿನಗೂ ಇಲ್ಲ, ಐದು ಹೆತ್ತವರಿಗೂ ಇಲ್ಲ, ನನಗೂ ಇಲ್ಲ. ರಕ್ತ ಕಂಡರೆ ಹೋಗಬೇಕು, ಅಷ್ಟೆ.

ಇನ್ನೊಂದು ಮಾತು, ಇದನ್ನು ಎದೆಯ ಮೇಲೆ ಬರೆದುಕೊಂಡು ಹೋಗು. ಮಾಸು ಎಲ್ಲಿದೆ ಅಂತ ಸ್ಕ್ಯಾನಿನಲ್ಲಿ ನೋಡುವ ತನಕ ಯಾರೂ ಒಳಗೆ ಬೆರಳು ಹಾಕಿ ಪರೀಕ್ಷೆ ಮಾಡಕೂಡದು. ಯಾರೂ ಅಂದರೆ ಯಾರೂ. ಬಾಯಿಯ ಮೇಲೆ ಮಾಸು ಇದ್ದರೆ ಆ ಬೆರಳೇ ಅದನ್ನು ಹರಿಯುತ್ತದೆ. ಬಟ್ಟೆ ತೊಳೆಯಬೇಡ, ಹಾಗೇ ತೆಗೆದುಕೊಂಡು ಹೋಗಿ ತೋರಿಸು. ರಕ್ತದ ಗುಂಪು ಯಾವುದು ಅಂತ ಚೀಟಿಯಲ್ಲಿ ಬರೆದಿಟ್ಟುಕೋ.

ಅಂಗಡಿಯ ಫೋನಿಗೂ ಹಚ್ಚಿದೆ. ಆಸ್ಪತ್ರೆಯ ಫೋನಿನ ಮುಂದೆ ಹತ್ತು ಜನ ಸಾಲಾಗಿ ನಿಂತಿದ್ದರು. ನಿಂತಿರಲಿ ಅಂತ, "ನನ್ನ ತಂಗಿಗೆ ಕೆಳಗೆ ರಕ್ತ ಹೋಗ್ತಿದೆ, ಈಗ್ಲೇ ಆಸ್ಪತ್ರೆಗೆ ಹೋಗೋಕೆ ಹೇಳಿ" ಅಂತ ಕೂಗಿದೆ. "ಆಯ್ತಮ್ಮ, ಆಯ್ತಮ್ಮ" ಅಂತ ಇಟ್ಟುಬಿಟ್ಟ. ಹೇಳಿದನೋ ಇಲ್ಲವೋ. ನಾನು ಅಡುಗೆಯವನ ಬೆರಳಿನ ಬಗ್ಗೆ ತಮಾಷೆ ಮಾಡುತ್ತಾ ಕೂತಿದ್ದೆ. ನನಗೆ ನಾಚಿಕೆಯಾಗಬೇಕು.

ಅಕ್ಕ

*

ಮೇ ೨

ಅಕ್ಕ,

ಹೌದು, ನನ್ನವು.

ಬೇಕೆಂದೇ ಕಾಫಿ ಕಲೆಗೂ ಶಾಯಿ ಕಲೆಗೂ ನಡುವೆ ತುರುಕಿ ಬರೆದೆ. ನಿನಗೆ ತಿಳಿದರೆ ತಿಳಿಯಲಿ, ತಿಳಿಯದಿದ್ದರೆ ಅದು ಅಂಥ ದೊಡ್ಡ ವಿಷಯವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನೀನು ಅಡುಗೆಯವನ ಬೆರಳು ಅಂತ ಬರೆದಾಗ ನನಗೆ ಸಮಾಧಾನವೇ ಆಯಿತು. ಅಕ್ಕನೇ ನಗುತ್ತಿದ್ದಾಳೆ ಅಂದಮೇಲೆ ಏನೂ ಇಲ್ಲ ಅಂತ. ಇದನ್ನು ಓದಿ ಅಳಬೇಡ.

ಅಂಗಡಿಯವನು ಬಂದಿದ್ದ. ನೆಲ ನೋಡುತ್ತಾ, "ನಿಮ್ಮಕ್ಕ ಫೋನ್ ಮಾಡಿದ್ರು, ಆರೋಗ್ಯ ಹೇಗಿದೆ ಅಂತ ಕೇಳಿದ್ರು" ಅಂದ. ಕಿವಿಯವರೆಗೂ ಕೆಂಪಾಗಿದ್ದ. ನಾನು ಪಾಪ ಅಂದುಕೊಂಡೆ. ನಿನ್ನ ತುರ್ತು ಕಾಗದ ಬಂದ ಮೇಲೆ ಅವನ ಅಂಗಡಿಗೆ ಹೋಗಿ, ಸಾಮಾನು ಕೊಳ್ಳುವವರೆಲ್ಲರ ಎದುರಿಗೆ, "ರಕ್ತ ಅನ್ನೋ ಮಾತು ನಿನ್ನ ಬಾಯಲ್ಲಿ ಬರಲ್ವಾ? ನೀನು ಹುಟ್ಟಿದ್ದು ಹೇಗೆ?" ಅಂತ ಕೇಳಿಬಂದೆ. ಈಗ ನನ್ನನ್ನು ಕಂಡರೆ ಮೂಟೆಯ ಹಿಂದೆ ಹೋಗುತ್ತಾನೆ.

ನಿನ್ನ ಕಾಗದವನ್ನು ಅತ್ತೆಗೂ ಇವರಿಗೂ ಗಟ್ಟಿಯಾಗಿ ಓದಿದೆ. ಒಂದು ಮಾತನ್ನೂ ಬಿಡಲಿಲ್ಲ, ಗಂಡನ ಜೊತೆ ಅನ್ನುವುದನ್ನೂ ಬಿಡಲಿಲ್ಲ. ಇವರು ಪೆಟ್ಟಿಗೆಯ ತಳದಿಂದ ಚೀಟಿ ತೆಗೆದುಕೊಟ್ಟರು. ಅದರಲ್ಲಿ ಬರೆದೇ ಇತ್ತು ಅಕ್ಕ. ಮಾಸು ಕೆಳಗಿದೆ, ಎಂಟನೇ ತಿಂಗಳಲ್ಲಿ ಮತ್ತೆ ನೋಡಬೇಕು. ಮೂರು ತಿಂಗಳು ನನ್ನ ಪೆಟ್ಟಿಗೆಯಲ್ಲೇ ಇತ್ತು.

ಅವತ್ತೇ ಹತ್ತಿರದ ಚಿಕ್ಕ ಆಸ್ಪತ್ರೆಗೆ ಹೋದೆವು. ಮಗುವಿನ ಎದೆಬಡಿತ ಚೆನ್ನಾಗಿದೆ, ಮಲಗಿಕೊಂಡಿರು ಅಂದರು. ಅಲ್ಲಿ ಸ್ಕ್ಯಾನ್ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಮೇ ೨೬ಕ್ಕೆ ದಿನ ಕೊಟ್ಟಿದ್ದಾರೆ. ಅದಕ್ಕೆ ಮುಂಚೆ ಬೇಕು ಅಂತ ಜಗಳವಾಡಿದೆ, ಕೊಡಲಿಲ್ಲ. ಕೆಲಸ ಬಿಟ್ಟಿದ್ದೇನೆ. ರಕ್ತದ ಗುಂಪು ಬರೆದ ಚೀಟಿ ಕತ್ತಿನ ದಾರದಲ್ಲಿದೆ. ಇವರು ತಮ್ಮ ಕೆಲಸದ ಗಾಡಿಯನ್ನು ದಿನವೂ ಬಾಗಿಲಲ್ಲೇ ಬಿಟ್ಟು ನಡೆದುಹೋಗುತ್ತಾರೆ, ಪಕ್ಕದ ಮನೆಯ ಮೇಷ್ಟ್ರಿಗೆ ಕೀಲಿ ಕೊಟ್ಟಿದ್ದಾರೆ.

ನೀನೂ ಒಂದಕ್ಕೆ ಉತ್ತರ ಹೇಳು. ಹೆರಿಗೆ ವಾರ್ಡಿನ ಹೆಡ್ ನರ್ಸ್ ಯಾವಾಗಿನಿಂದ ಹೊದಿಕೆ ಎಣಿಸಲು ಶುರುಮಾಡಿದಳು?

ಗಿಡ್ಡಿ

*

ಮೇ ೮

ಗಿಡ್ಡಿಗೆ,

ನಿನ್ನ ಕಣ್ಣಿಗೆ ಕಲೆಯೊಂದೂ ತಪ್ಪುವುದಿಲ್ಲ. ಡಿಸೆಂಬರಿನಿಂದ ನಾನು ವಾರ್ಡಿನಲ್ಲಿಲ್ಲ. ಬಟ್ಟೆ ಸ್ಟೋರಿನಲ್ಲಿದ್ದೇನೆ. ಹೊದಿಕೆ, ದಿಂಬಿನ ಚೀಲ, ಪರದೆ. ನಿನ್ನ ಲಾಂಡ್ರಿಯ ದೂರದ ಶಾಖೆ ಅಂದುಕೋ. ನಿನಗೆ ಹೇಳಲಿಲ್ಲ, ಯಾಕೆಂದರೆ ನೀನು ಎಲ್ಲರಿಗೂ ಅಕ್ಕ ಹೆಡ್ ನರ್ಸ್ ಅಂತ ಹೇಳಿಕೊಂಡು ಓಡಾಡುತ್ತೀಯ.

ಆ ಡಿಸೆಂಬರಿನಲ್ಲಿ ವಾರ್ಡಿನ ಏಳನೇ ಹಾಸಿಗೆಗೆ ಒಬ್ಬ ಹೆಂಗಸು ಬಂದಳು. ಎಂಟೂವರೆ ತಿಂಗಳು. ನೋವಿಲ್ಲ, ಕೆಂಪು ರಕ್ತ. ಸ್ಕ್ಯಾನ್ ಆಗಿರಲಿಲ್ಲ. ಡಾಕ್ಟರು ಕೈಗವಸು ಹಾಕಿಕೊಂಡು ಬೆರಳಿನಿಂದ ನೋಡಲು ಹೋದರು. ನಾನು ಅವರ ಕೈ ಹಿಡಿದೆ. ನಿಜವಾಗಿ, ಮಣಿಕಟ್ಟು ಹಿಡಿದು ನಿಲ್ಲಿಸಿದೆ. ಆಸ್ಪತ್ರೆಯಲ್ಲಿ ಇವತ್ತಿಗೂ ಅದೇ ತಮಾಷೆ, ಇಷ್ಟು ವರ್ಷ ಮದುವೆ ಬೇಡ ಅಂದವಳು ಕೊನೆಗೆ ಡಾಕ್ಟರ ಕೈ ಹಿಡಿದಳು ಅಂತ. ಆ ಹೆಂಗಸು ಉಳಿದಳು. ಉಳಿದದ್ದನ್ನು ಈಗ ಬರೆಯುವುದಿಲ್ಲ.

ವಾರ್ಡಿಗೆ ವಾಪಸ್ ಹೋಗಬೇಕಾದರೆ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಬೇಕು. ಪತ್ರವನ್ನು ಆಸ್ಪತ್ರೆಯ ದೊಡ್ಡ ಡಾಕ್ಟರೇ ಬರೆದಿಟ್ಟಿದ್ದಾರೆ. ಹೆಂಗಸು ಬರುವಾಗಲೇ ಕೈಮೀರಿತ್ತು, ನಾನು ತಪ್ಪು ತಿಳಿದು ಡಾಕ್ಟರ ಕೆಲಸಕ್ಕೆ ಅಡ್ಡಿ ಮಾಡಿದೆ ಅಂತ ಅದರಲ್ಲಿದೆ. ಐದು ತಿಂಗಳಿನಿಂದ ಸಹಿ ಹಾಕಿಲ್ಲ. ನಿನ್ನ ವಿಷಯ ತಿಳಿದ ದಿನವೇ ರಜೆ ಕೇಳಿದೆ. ದೊಡ್ಡ ಡಾಕ್ಟರು ನಕ್ಕರು. "ಸಹಿ ಹಾಕಿ, ನಾಳೆನೇ ರಜೆ" ಅಂದರು.

ಆ ಪತ್ರ ನನ್ನ ಚೀಲದಲ್ಲಿದೆ, ಪೆನ್ನೂ ಇದೆ. ಸಾಕಾಯಿತು ಗಿಡ್ಡಿ. ಸುಳ್ಳಿಗೆ ಒಂದು ಸಹಿ ಹಾಕಿದರೆ ನಿನ್ನ ಪಕ್ಕದಲ್ಲಿ ನಿಂತಿರಬಹುದು. ಅಲ್ಲಿ ಯಾರಾದರೂ ಕೈಗವಸು ಎಳೆದುಕೊಂಡರೆ ತಡೆಯಲು ನಾನಿರುತ್ತೇನೆ. ನೀನೇ ಹೇಳು, ಸಹಿ ಹಾಕಿ ಬರಲೇ?

ಅಕ್ಕ

*

ಮೇ ೧೬

ಗಿಡ್ಡಿ,

ಯಾಕೆ ಉತ್ತರವಿಲ್ಲ? ಸಿಟ್ಟು ಬಂತೇ? ಬೈದಾದರೂ ಒಂದು ಸಾಲು ಬರೆ.

*

ಮೇ ೨೨

ಗಿಡ್ಡಿ,

ಅಂಗಡಿಯ ಫೋನು ಬಡಿದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಸೋಮವಾರ ಸಹಿ ಹಾಕುತ್ತೇನೆ.

*

ಮೇ ೨೮, ಆಸ್ಪತ್ರೆಯಿಂದ

ಅಕ್ಕ,

ಸಹಿ ಹಾಕಿದ್ದರೆ ಹೋಗಿ ಅದನ್ನು ಹೊಡೆದುಹಾಕಿ ಬಾ. ಹಾಕಿಲ್ಲದಿದ್ದರೆ ಹಾಕಬೇಡ. ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದು ಬರೆಯುತ್ತೇನೆ. ಬರೆಯುವುದು ಇವರು, ಹೇಳುವುದು ನಾನು. ನನಗೆ ಕೂರಲು ಆಗುವುದಿಲ್ಲ. ಮಗಳು ಹುಟ್ಟಿದ್ದಾಳೆ. ಇಬ್ಬರೂ ಇದ್ದೇವೆ.

ನಿನ್ನ ಮೇ ೮ರ ಕಾಗದ ನನಗೆ ಸಿಕ್ಕಿದ್ದು ಇಲ್ಲಿಗೆ ಬರುವ ಹಿಂದಿನ ದಿನ. ಅಂಚೆಯವನು ಅಂಗಡಿಯಲ್ಲಿ ಕೊಟ್ಟಿದ್ದನಂತೆ, ಅಂಗಡಿಯವನು ನನಗೆ ಹೆದರಿ ಬಾಗಿಲಿಗೆ ಬಂದಿರಲಿಲ್ಲ. ಬಾಯಿ ಮಾಡಿದ್ದಕ್ಕೆ ಶಿಕ್ಷೆ ಅಂತ ನಗಬೇಡ. ಓದಿ, ಬೆಳಿಗ್ಗೆ ಉತ್ತರ ಬರೆಯೋಣ ಅಂದುಕೊಂಡೆ.

ಸ್ಕ್ಯಾನಿಗೆ ಇನ್ನೊಂದು ದಿನ ಬಾಕಿ ಇತ್ತು. ಬೆಳಿಗ್ಗೆ ಹನ್ನೊಂದು ಗಂಟೆಗೆ ಮಗುವಿನ ಬಟ್ಟೆ ಮಡಚುತ್ತಾ ಕೂತಿದ್ದೆ. ನೋವಿಲ್ಲ, ಸದ್ದಿಲ್ಲ. ತೊಡೆಯ ಮೇಲೆ ಬೆಚ್ಚಗಾಯಿತು. ನೋಡಿದರೆ ಕೂತ ಚಾಪೆಯೇ ಕೆಂಪು. ನಾನು ಕಿರುಚಲಿಲ್ಲ ಅಕ್ಕ, ಅತ್ತೆ ಕಿರುಚಿದರು. ನೆರೆಮನೆಯ ಮೇಷ್ಟ್ರು ಗಾಡಿ ತೆಗೆದರು. ಹತ್ತು ವರ್ಷದಲ್ಲಿ ಮೊದಲ ಸಲ ರಕ್ತದ ಬಟ್ಟೆಯನ್ನು ತಣ್ಣೀರಿಗೆ ಹಾಕದೆ ಹಾಗೇ ಚೀಲದಲ್ಲಿ ತುಂಬಿಕೊಂಡು ಹೋದೆ. ಕೈ ಮಾತ್ರ ನಲ್ಲಿಯ ಕಡೆಗೇ ಹೋಗುತ್ತಿತ್ತು.

ದೊಡ್ಡ ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರು ಅವಸರದಲ್ಲಿದ್ದರು. ಇನ್ನೂ ಚಿಕ್ಕ ವಯಸ್ಸು, ಕಣ್ಣಲ್ಲಿ ನಿದ್ದೆಯಿಲ್ಲ. "ಕಾಲು ಮಡಚಿ, ಎಷ್ಟು ತೆರೆದಿದೆ ನೋಡೋಣ" ಅನ್ನುತ್ತಾ ಕೈಗವಸು ಎಳೆದುಕೊಂಡರು.

"ಬೇಡ" ಅಂದೆ.

"ನೋಡ್ದೆ ಹೇಗೆ ಹೇಳೋದು?"

"ಯಂತ್ರದಲ್ಲಿ ನೋಡಿ. ಮಾಸು ಕೆಳಗಿದೆ. ಬೆರಳು ಹಾಕ್ಬೇಡಿ."

ಸ್ಕ್ಯಾನಿನ ಚೀಟಿ ಕೊಟ್ಟೆ. ನೋಡಿ, "ಇದು ಐದನೇ ತಿಂಗಳದ್ದು ಕಣಮ್ಮಾ, ಇಷ್ಟೊತ್ತಿಗೆ ಮೇಲೆ ಹೋಗಿರುತ್ತೆ" ಅಂದರು.

"ಹೋಗಿರುತ್ತೋ, ಹೋಗಿದೆಯೋ?"

ಅವರಿಗೆ ಸಿಟ್ಟು ಬಂತು. ನಾನು ಎರಡು ಮಂಡಿಯನ್ನೂ ಒಂದಕ್ಕೊಂದು ಒತ್ತಿ ಹಿಡಿದೆ. ರಕ್ತ ಹೋಗುತ್ತಲೇ ಇತ್ತು, ಕಣ್ಣು ಕತ್ತಲಾಗುತ್ತಿತ್ತು. ನಾನು ಮಾಡುತ್ತಿರುವುದೇ ತಪ್ಪಾಗಿ ಮಗು ಹೋದರೆ ಅಂತ ಒಂದು ಕ್ಷಣ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಹೆದರಿಕೆಯಾಗಿತ್ತು. ಡಾಕ್ಟರು ಅತ್ತೆಯ ಕಡೆ ತಿರುಗಿ, "ನೀವಾದ್ರೂ ಬುದ್ಧಿ ಹೇಳಿ, ನೀವು ಹಿರಿಯರು" ಅಂದರು. ಇನ್ನು ಮುಗಿಯಿತು, ಐದು ಹೆತ್ತ ಕಥೆ ಶುರುವಾಗುತ್ತದೆ ಅಂದುಕೊಂಡೆ. ಶುರುವೂ ಆಯಿತು.

"ನಾನು ಐದು ಹೆತ್ತಿದೀನಿ" ಅಂದರು ಅತ್ತೆ. "ಐದು ಸಲಾನೂ ನನ್ನ ಯಾರೂ ಏನೂ ಕೇಳ್ಲಿಲ್ಲ. ಇವಳನ್ನ ಕೇಳಿ. ಇವಳು ಬೇಡ ಅಂದ್ರೆ ಬೇಡ." ಹಾಗೆಂದು ನನಗೂ ಡಾಕ್ಟರಿಗೂ ನಡುವೆ ಬಂದು, ಅಷ್ಟು ದೊಡ್ಡ ದೇಹವನ್ನು ಹೊತ್ತುಕೊಂಡು ನಿಂತುಬಿಟ್ಟರು. ಯಾರೂ ಅವರನ್ನು ಅಲ್ಲಾಡಿಸುವ ಹಾಗಿರಲಿಲ್ಲ.

ಮೂಲೆಯಲ್ಲಿ ಒಬ್ಬಳು ನರ್ಸ್ ಇದ್ದಳು. ಬಾಯಿ ಬಿಡಲಿಲ್ಲ. ಆದರೆ ಓಡಿಹೋಗಿ ಸ್ಕ್ಯಾನ್ ಯಂತ್ರವನ್ನು ತಳ್ಳಿಕೊಂಡು ಬಂದಳು. ಹೊಟ್ಟೆಯ ಮೇಲೆ ಇಟ್ಟರು. ಡಾಕ್ಟರ ಮುಖ ಬಿಳುಪೇರಿದ್ದನ್ನು ನಾನು ಮಲಗಿದಲ್ಲಿಂದಲೇ ನೋಡಿದೆ. ಅವರು ಕೈಗವಸು ಕಳಚಿ ಹಾಕಿದರು. "ಮಾಸು ಬಾಯಿನ ಪೂರ್ತಿ ಮುಚ್ಕೊಂಡಿದೆ. ಆಪರೇಷನ್ ಕೋಣೆ ಸಿದ್ಧ ಮಾಡಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಬೆರಳು ಹಾಕಿದ್ರೆ ಇಲ್ಲೇ ಹೋಗ್ಬಿಡ್ತಿದ್ರಿ" ಅಂದರು. ಅದನ್ನು ನನಗೇ ಹೇಳಿದ್ದಕ್ಕೆ ಅವರ ಮೇಲಿನ ಅರ್ಧ ಸಿಟ್ಟು ಇಳಿಯಿತು. ಇನ್ನರ್ಧ ಇಟ್ಟುಕೊಂಡಿದ್ದೇನೆ.

ಮೂರು ಬಾಟಲಿ ರಕ್ತ ಹಾಕಿದರಂತೆ. ಮಗಳು ಎರಡು ಕಿಲೋ ನೂರು ಗ್ರಾಂ. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಬೆಳಿಗ್ಗೆ ಇವರು ನೋಡಲು ಹೋದರೆ ಮುಷ್ಟಿ ಕಟ್ಟಿಕೊಂಡು ಮಲಗಿದ್ದಳಂತೆ.

ನೀನು ಇಲ್ಲಿ ನಿಂತು ಕೈ ತಡೆಯಬೇಕು ಅಂತ ಬರೆದಿದ್ದೆ. ನೀನಿಲ್ಲದೆಯೂ ತಡೆದೆವು. ನೀನು ಬರೆದ ಮಾತನ್ನೇ ಹಿಡಿದುಕೊಂಡು ತಡೆದೆವು. ಆ ಮಾತು ಸುಳ್ಳು ಅಂತ ನೀನೇ ಸಹಿ ಹಾಕಿಬಿಟ್ಟರೆ, ಮಂಡಿ ಒತ್ತಿ ಹಿಡಿದು ಮಲಗಿದ್ದ ನಾನು ಯಾರು ಅಕ್ಕ? ಸಹಿ ಹಾಕಿ ಬರುವುದಾದರೆ ಬರಬೇಡ. ಹಾಕದೆ ಬರುವುದಾದರೆ ಯಾವ ದಿನವಾದರೂ ಬಾ, ಕೆಲಸ ಹೋದರೆ ಹೋಗಲಿ. ನಮ್ಮ ಲಾಂಡ್ರಿಯಲ್ಲಿ ಹೊದಿಕೆ ಎಣಿಸುವವರು ಬೇಕಾಗಿದ್ದಾರೆ.

ಗಿಡ್ಡಿ

(ಅತ್ತಿಗೆಯವರೇ, ಇದನ್ನು ಬರೆದವನು ನಾನು. ಇವಳು ಹೇಳಿದ್ದೆಲ್ಲ ಬರೆದಿದ್ದೇನೆ. ಹೇಳದಿದ್ದದ್ದು ಒಂದೇ, ಆಪರೇಷನ್ ಕೋಣೆಗೆ ಹೋಗುವಾಗ ನಿಮ್ಮನ್ನು ಕೂಗುತ್ತಿದ್ದಳು.)

*

ಜೂನ್ ೩

ಗಿಡ್ಡಿಗೆ,

ಸಹಿ ಹಾಕಿರಲಿಲ್ಲ. ಆ ಸೋಮವಾರ ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ, ಅಷ್ಟೆ. ಇದ್ದಿದ್ದರೆ ಹಾಕಿಬಿಡುತ್ತಿದ್ದೆ. ನಿನ್ನ ಮುಂದೆ ಇನ್ನು ಏನನ್ನೂ ಮುಚ್ಚಿಡುವುದಿಲ್ಲ.

ನಿನ್ನ ಅತ್ತೆಯವರ ಕಾಲಿಗೆ ಬೀಳಬೇಕು, ಬಂದಾಗ ಬೀಳುತ್ತೇನೆ. ನಾಳೆ ಹೊರಡುತ್ತೇನೆ. ರಜೆ ಕೊಟ್ಟಿಲ್ಲ, ಕೇಳಿಯೂ ಇಲ್ಲ. ಇವತ್ತು ಬೆಳಿಗ್ಗೆ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಅವರು ಬರೆದಿಟ್ಟ ಪತ್ರವನ್ನು ವಾಪಸ್ ಕೊಟ್ಟು, ನಾನೇ ಬರೆದ ಪತ್ರ ಇಟ್ಟು ಬಂದೆ. ಅದರ ನಕಲು ಇದು. ನೀನೂ ಓದು, ಯಾಕೆಂದರೆ ಇದರಲ್ಲಿ ಇರುವುದನ್ನು ಮೇ ತಿಂಗಳಲ್ಲಿ ನಿನಗೆ ಬರೆಯಲು ನನಗೆ ಧೈರ್ಯ ಬರಲಿಲ್ಲ.

"ಮಾನ್ಯರೇ,

ಕ್ಷಮಾಪಣೆ ಬರೆದುಕೊಡಿ ಎಂದಿದ್ದಿರಿ. ಬರೆದಿದ್ದೇನೆ.

ಡಿಸೆಂಬರ್ ೧೧ರಂದು ಏಳನೇ ಹಾಸಿಗೆಯ ಹೆಂಗಸಿಗೆ ನೋವಿಲ್ಲದೆ ರಕ್ತ ಹೋಗುತ್ತಿತ್ತು. ಸ್ಕ್ಯಾನ್ ಆಗಿರಲಿಲ್ಲ. ಬೆರಳು ಹಾಕಬಾರದೆಂದು ನನಗೆ ಗೊತ್ತಿತ್ತು. ಡಾಕ್ಟರು ಕೈಗವಸು ಹಾಕಿಕೊಂಡರು. ನಾನು ನೋಡುತ್ತಾ ನಿಂತಿದ್ದೆ. ನನ್ನ ಕೆಲಸದ ಬಗ್ಗೆ, ಅವರ ಸಿಟ್ಟಿನ ಬಗ್ಗೆ ಯೋಚಿಸುತ್ತಾ ನಿಂತಿದ್ದೆ. ನಾನು ಅವರ ಕೈ ಹಿಡಿದದ್ದು ಬೆರಳು ಒಳಗೆ ಹೋದ ಮೇಲೆ. ಹೆಂಗಸು ಉಳಿದಳು. ಅವಳ ಮಗು ಉಳಿಯಲಿಲ್ಲ.

ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಅದನ್ನು ನಿಮ್ಮ ಹತ್ತಿರ ಕೇಳುವುದಿಲ್ಲ, ಡಾಕ್ಟರ ಹತ್ತಿರವೂ ಕೇಳುವುದಿಲ್ಲ. ದಯವಿಟ್ಟು ಆ ಹೆಂಗಸಿನ ವಿಳಾಸ ಕೊಡಿ."